ನೀರು ಕಚ್ಚಿದ ಮನೆಗೆ ಬುರುಲ್ ಎಜೆ

ಬುರುಲ್ ಎಜೆ ಬೆಳಗಿನ ಚಹಾಕ್ಕೂ ಮೊದಲು ತನ್ನ ಅಡುಗೆಮನೆಯ ಪ್ಲಗ್ಗಿಗೆ ಟೆಸ್ಟರ್ ಚುಚ್ಚಿ ನೋಡುತ್ತಾಳೆ. ಅಲ್ಲಿ ಕರೆಂಟ್ ಇದೆಯೆಂಬುದೂ, ಟೆಸ್ಟರಿನ ಕೆಂಪು ದೀಪ ಹತ್ತುತ್ತದೆಂಬುದೂ ಅವಳಿಗೆ ಗೊತ್ತು. ಆದರೂ ಈದ್ ದಿನವಾಗಲಿ, ಗಂಡನನ್ನು ಮಣ್ಣುಮಾಡಿದ ಮರುದಿನವಾಗಲಿ, ಅದನ್ನು ತಪ್ಪಿಸಿದವಳಲ್ಲ. "ಸತ್ತ ಟೆಸ್ಟರ್ ಎಲ್ಲಾ ವೈರೂ ಸತ್ತಿದೆ ಅಂತಲೇ ಹೇಳುತ್ತೆ ತಂಗಿ. ಅದನ್ನ ನಂಬಿ ಕೈ ಹಾಕಿದವರು ಎಷ್ಟು ಜನ!" ಎಂದು ಎದುರು ಬಾಗಿಲಿನವಳಾದ ನನಗೆ ಒಮ್ಮೆ ಹೇಳಿದ್ದಳು.

ನಮ್ಮ ನರಿನ್ ಪಟ್ಟಣಕ್ಕೆಲ್ಲ ಅವಳು ಎಜೆ, ಅಂದರೆ ಅಕ್ಕ. ಮೂವತ್ತು ವರ್ಷ ವೈರಿಂಗ್ ಸಾಮಾನಿನ ಚೀಲ ಹೊತ್ತ ಎಡಭುಜ ನಡೆಯುವಾಗ ತುಸು ಕೆಳಗಿಳಿದಿರುತ್ತದೆ. ಗಂಡನ ಕಂದು ಕೋಟು ಮೊಣಕಾಲು ದಾಟಿ ಜೋಲುತ್ತದೆ. ಅದರ ಜೇಬುಗಳಲ್ಲಿ ಇಕ್ಕಳ, ಟೇಪು, ಒಣಗಿದ ಏಪ್ರಿಕಾಟ್ ಹಣ್ಣುಗಳು ಒಟ್ಟಿಗೆ ಸಂಸಾರ ಮಾಡುತ್ತವೆ. ಲೋಹದ ಯಾವುದನ್ನೂ ಅವಳು ಮೊದಲು ಅಂಗೈಯಿಂದ ಮುಟ್ಟುವುದಿಲ್ಲ. ಕರೆಂಟ್ ಹೊಡೆದರೆ ಅಂಗೈ ಮುಚ್ಚಿ ಬಿಗಿಯಾಗಿ ಹಿಡಿದುಬಿಡುತ್ತದೆ, ಕೈಯ ಹಿಂಭಾಗವಾದರೆ ಸಿಡಿದು ಹಿಂದಕ್ಕೆ ಬರುತ್ತದೆ. ಆ ಅಭ್ಯಾಸ ಎಷ್ಟು ಬಲಿತಿದೆಯೆಂದರೆ ಮಕ್ಕಳ ಕೆನ್ನೆ ಸವರುವುದೂ, ರೊಟ್ಟಿ ಬಿಸಿಯಿದೆಯೇ ಎಂದು ನೋಡುವುದೂ ಹಿಂಗೈಯಿಂದಲೇ. ಅವಳ ಬಾಯಲ್ಲಿ ಸದಾ ಇರುವುದು ಒಂದೇ ಮಾತು: "ಮೊದಲು ಸ್ವಿಚ್ ಆರಿಸು, ಆಮೇಲೆ ಮಾತಾಡು." ಗಂಡಹೆಂಡಿರ ಜಗಳಕ್ಕೂ ಅವಳು ಕೊಡುವ ಮದ್ದು ಅದೇ.

ಕಳೆದ ಚಳಿಗಾಲದಲ್ಲಿ ನಮ್ಮ ಐದಂತಸ್ತಿನ ಕಟ್ಟಡದ ನೀರು ಕಚ್ಚತೊಡಗಿತು. ನಲ್ಲಿ ಮುಟ್ಟಿದರೆ ಮೊಣಕೈವರೆಗೂ ಜುಮ್ಮೆನ್ನುತ್ತಿತ್ತು. ಜಿನ್ನಿನ ಕಾಟವೆಂದರು ಕೆಲವರು. ಮೂರನೆಯ ಮಹಡಿಯ ಜಿಪಾರ್‌ಳ ಮಗುವಿಗೆ ಅಂದು ನಲವತ್ತು ದಿನ ತುಂಬಿತ್ತು. ನಲವತ್ತು ಚಮಚ ನೀರು ಹುಯ್ದು ಮೀಯಿಸಬೇಕು. ನೆಂಟರು ಬಂದಿದ್ದರು, ಬೋರ್ಸೊಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿದಿಟ್ಟಾಗಿತ್ತು, ನಲ್ಲಿ ತಿರುಗಿಸಲು ಮಾತ್ರ ಯಾರಿಗೂ ಧೈರ್ಯವಿಲ್ಲ.

"ಹೊಳೆಯಿಂದ ಒಂದು ಬಕೆಟ್ ತಂದು ಮೀಯಿಸಿ ಮುಗಿಸ್ರಪ್ಪಾ. ಈ ಹುಡುಗಿಯನ್ನ ಬಿಟ್ರೆ ಗೋಡೆಯೆಲ್ಲಾ ಒಡೆದು ಹಾಕ್ತಾಳೆ," ಎಂದರು ಎರಡನೆಯ ಮಹಡಿಯ ಶಾರ್ಶೆನ್ ಆತಾ, ಐವತ್ತೆರಡರ ಬುರುಲ್‌ಳತ್ತ ಗಡ್ಡ ತಿರುಗಿಸಿ. ಅವರು ಕಟ್ಟಡದ ಹಿರಿಯರು, ಎಲ್ಲರಿಗೂ ಆತಾ, ಅಂದರೆ ಅಜ್ಜ. ಸೈನ್ಯದಲ್ಲಿ ಎರಡು ವರ್ಷ ವೈರಿಂಗ್ ಮಾಡಿದವರು.

"ಇವತ್ತೇನೋ ಬಕೆಟ್ ಬರುತ್ತೆ ಆತಾ. ನಾಳೆ ಈ ಮಗು ತೆವಳ್ಕೊಂಡು ಬಂದು ಪೈಪು ಹಿಡ್ಕೊಂಡ್ರೆ ಏನು ತರ್ತೀರಿ?"

ಮುಲ್ಲಾರನ್ನು ಕರೆಸಿ ಓದಿಸೋಣವೇ ಎಂದು ನಾನು ಮೆಲ್ಲಗೆ ಕೇಳಿದೆ.

"ಓದಿಸು ತಂಗಿ, ಒಳ್ಳೇದೇ. ಅವರು ಓದ್ತಾ ಇರ್ಲಿ, ನಾನು ಮೇನ್ ಸ್ವಿಚ್ ಆರಿಸ್ತಾ ಬರ್ತೀನಿ."

ಬಲ್ಬಿನ ಹೋಲ್ಡರಿಗೆ ಎರಡು ವೈರು ಕಟ್ಟಿ, ಒಂದನ್ನು ಜಿಪಾರ್‌ಳ ನಲ್ಲಿಗೂ ಇನ್ನೊಂದನ್ನು ಪ್ಲಗ್ಗಿನ ನ್ಯೂಟ್ರಲ್‌ಗೂ ತಾಗಿಸಿದಳು. ನಲ್ಲಿಯಲ್ಲಿ ಕರೆಂಟಿಲ್ಲದಿದ್ದರೆ ಹತ್ತಬಾರದ ಬಲ್ಬು ಮಂಕಾಗಿ ಹತ್ತಿತು. ಅದನ್ನು ಕಾಯಲು ಜಿಪಾರ್‌ಳನ್ನು ನಿಲ್ಲಿಸಿ, ಐದನೆಯ ಮಹಡಿಯಿಂದ ಒಂದೊಂದೇ ಮನೆಯ ಮೇನ್ ಸ್ವಿಚ್ ಆರಿಸಿ, ಮತ್ತೆ ಹಾಕಿ, ಕೆಳಗಿಳಿಯುತ್ತ ಬಂದಳು. "ಎಜೆ, ಇನ್ನೂ ಉರೀತಿದೆ!" ಎಂಬ ಕೂಗು ಪ್ರತಿ ಬಾಗಿಲಿಗೂ ಕೇಳಿತು.

"ನನ್ನ ಮನೆಯದ್ದು ಯಾಕೆ? ಟೀವಿಯಲ್ಲಿ ಕುಸ್ತಿ ನಡೀತಿದೆ!" ಶಾರ್ಶೆನ್ ಆತಾ ಬಾಗಿಲಿಗೆ ಅಡ್ಡ ನಿಂತರು.

"ಅರ್ಧ ನಿಮಿಷ ಆತಾ. ಪೈಲ್ವಾನರೂ ಸ್ವಲ್ಪ ಉಸಿರು ತಗೊಳ್ಳಲಿ."

ಸ್ವಿಚ್ ಕೆಳಗಾಯಿತು. ಮೇಲಿನಿಂದ ಜಿಪಾರ್ ಕಿರುಚಿದಳು: "ಆರ್ತು! ಎಜೆ, ಆರ್ತು!"

ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಆತಾರ ಗೀಸರಿನ ಅರ್ಥ್ ವೈರು ನೀರಿನ ಪೈಪಿಗೆ ಸುತ್ತಿತ್ತು, ಅವರದೇ ಕೈಕೆಲಸ. ಪೈಪು ಪೂರಾ ಕಬ್ಬಿಣವಾಗಿ ನೆಲಕ್ಕಿಳಿಯುತ್ತಿದ್ದಾಗ ಅದು ಹೇಗೋ ನಡೆದಿತ್ತು. ಬೇಸಿಗೆಯಲ್ಲಿ ತುಕ್ಕು ತಿಂದ ಕೆಳತುದಿಯನ್ನು ಕತ್ತರಿಸಿ ಪ್ಲಾಸ್ಟಿಕ್ ಪೈಪು ಹಾಕಿದ್ದರು. ಈಗ ಗೀಸರ್ ಕೆಟ್ಟು ಸೋರಿದ ಕರೆಂಟಿಗೆ ಭೂಮಿಯ ದಾರಿ ಇರಲಿಲ್ಲ. ಅದು ಐದೂ ಮಹಡಿಯ ನಲ್ಲಿಗಳಲ್ಲಿ ಬಂದು ಕಾದು ಕುಳಿತಿತ್ತು.

ಮೆಟ್ಟಿಲ ಮೇಲೆ ಇಡೀ ಕಟ್ಟಡವೇ ನೆರೆದಿತ್ತು. ಆತಾರ ಮುಖ ಬಿಳಿಚಿತ್ತು. ಎಜೆ ಆ ವೈರು ಬಿಚ್ಚಿ ಸುತ್ತಿ ಜೇಬಿಗಿಳಿಸಿ, "ಗೀಸರ್ ಹಳೇದಾಗಿತ್ತು," ಎಂದಷ್ಟೇ ಹೇಳಿ, ಗೀಸರಿಗೆ ಬರುವ ಕರೆಂಟನ್ನೇ ಕಿತ್ತು, ಮೇನ್ ಸ್ವಿಚ್ ಮತ್ತೆ ಹಾಕಿ, ಜಿಪಾರ್‌ಳ ಮನೆಗೆ ಹತ್ತಿದಳು. ಬಲ್ಬು ಮತ್ತೆ ಹತ್ತಲಿಲ್ಲ. ನಲ್ಲಿಗೆ ಮೊದಲು ಹಿಂಗೈ, ಆಮೇಲೆ ಅಂಗೈ ತಾಗಿಸಿ, ಆಮೇಲೆ ಎರಡೂ ಕೈ ಸೇರಿಸಿ ಬೊಗಸೆ ತುಂಬ ನೀರು ಹಿಡಿದು ನಿಂತಳು.

ಒಂದು, ಎರಡು, ಮೂರು ಎಂದು ಹೆಂಗಸರು ಚಮಚ ಎಣಿಸಿದರು. ನಲವತ್ತಕ್ಕೆ ಮಗು ರಚ್ಚೆಹಿಡಿದು ಚೀರಿದಾಗ ಮೆಟ್ಟಿಲುದ್ದಕ್ಕೂ ಎದ್ದ ಹರ್ಷದ ಕೂಗಿನಲ್ಲಿ ನನ್ನ ಅಲ್‌ಹಮ್ದುಲಿಲ್ಲಾಹ್ ನನಗೇ ಕೇಳಿಸಲಿಲ್ಲ.

ಹಿಮ ಕರಗಿದ ಮೇಲೆ ಎಜೆ ಕಟ್ಟಡದ ಹಿಂದೆ ಆಳುದ್ದದ ಮೂರು ಕಬ್ಬಿಣದ ಸರಳು ಹೊಡೆಸಿ, ಅಲ್ಲಿಂದ ಮನೆಮನೆಗೂ ಸರಿಯಾದ ಅರ್ಥ್ ವೈರು ಎಳೆದಳು. ಗಾರೆ ಮೆತ್ತಿ ಬಣ್ಣ ಬಳಿದದ್ದೇ ತಡ, ಅದೆಲ್ಲ ಕಣ್ಮರೆಯಾಯಿತು. ಗೋಡೆಯೊಳಗೆ ಹೋಗುವ ಕೆಲಸ ಮಾಡುವವರ ಬಗೆಯೇ ಹಾಗೆ: ಅವರ ಕೆಲಸ ಕೆಟ್ಟಾಗಷ್ಟೇ ಲೋಕಕ್ಕೆ ಕಾಣುತ್ತದೆ, ಚೆನ್ನಾಗಿದ್ದರೆ ಒಂದು ಮನೆ ನಿಶ್ಚಿಂತೆಯಿಂದ ಕೈ ತೊಳೆಯುತ್ತದೆ, ಅಷ್ಟೇ. ದೇವರೊಬ್ಬನ ಕಣ್ಣಿಗೆ ಬಿದ್ದರೆ ಸಾಕೆಂದು ಕೆಲಸ ಮಾಡುವವರನ್ನು ನಾನು ಮಸೀದಿಯ ಹೊರಗೂ ಕಂಡಿದ್ದೇನೆ.

ಆಸ್ಪತ್ರೆ, ಕಾರ್ಖಾನೆಗಳ ಕೆಲಸಕ್ಕೆ ಬೇಕಾದ ಮೇಲಿನ ದರ್ಜೆಯ ಪರವಾನಗಿಗೆ ಅವಳು ಎರಡು ಸಲ ಪರೀಕ್ಷೆಗೆ ಹೋಗಿದ್ದಳು. ಎರಡು ಸಲವೂ ಹೆಂಗಸಿಗೇಕೆ ಇದೆಂದು ನಗಾಡಿ ಕಳಿಸಿದ್ದರು. ಆತಾ ಒಂದು ದಿನ ಮೆಟ್ಟಿಲು ಹತ್ತಿ ಬಂದು, ಟೋಪಿ ಕೈಯಲ್ಲಿ ಹಿಡಿದು ನಿಂತರು.

"ಬುರುಲ್, ಪರವಾನಗಿಗೆ ಮೊಹರು ಒತ್ತೋನು ನನ್ನ ತಮ್ಮನ ಮಗ. ಒಂದು ಫೋನ್ ಮಾಡಿದ್ರೆ ಸಾಕು, ಪರೀಕ್ಷೆಯೂ ಬೇಡ."

"ಬೇಡ ಆತಾ. ಕರೆಂಟಿಗೆ ನಿಮ್ಮ ತಮ್ಮನ ಮಗ ಗೊತ್ತಿಲ್ಲ. ಶುಕ್ರವಾರ ಪರೀಕ್ಷೆ ಇದೆ, ನಾನೇ ಹೋಗಿ ಬರೀತೀನಿ."