ಭಾಗಾಕಾರದ ಅಂಕಿ

ಅವಳು ಡಬ್ಬಿ ಹಿಡಿದು ಕಚೇರಿಯ ಊಟದ ಕೋಣೆಗೆ ಕಾಲಿಟ್ಟದ್ದೇ ತಡ, ಭಾವ ಅರ್ಧ ಉಳಿದ ತಟ್ಟೆಯನ್ನು ಎತ್ತಿಕೊಂಡು ಎದ್ದರು. "ಯಾಕೋ ಇಲ್ಲಿ ಗಾಳಿ ಕಮ್ಮಿಯಾಯ್ತು" ಎಂದು ಅವಳಿಗೆ ಕೇಳಿಸುವಂತೆ ಪಕ್ಕದವರಿಗೆ ಹೇಳಿ ಹೊರಟುಹೋದರು. ಅವರು ಅವಳ ಅಕ್ಕನ ಗಂಡ. ಈ ಕಚೇರಿಯಲ್ಲಿ ಅವಳಿಗಿಂತ ಹದಿನೆಂಟು ವರ್ಷ ಹಿರಿಯರು.

ಇಬ್ಬರ ಕೆಲಸವೂ ಕಂಪೈಲರಿನದು. ಜನ ಬರೆದ ಪ್ರೋಗ್ರಾಮನ್ನು ಅದು ಕಂಪ್ಯೂಟರಿನ ಚಿಪ್ಪಿಗೆ ತಿಳಿಯುವ ಆಜ್ಞೆಗಳಾಗಿ ಮಾರ್ಪಡಿಸುತ್ತದೆ. ಒಂದೇ ಲೆಕ್ಕಕ್ಕೆ ನಾಲ್ಕು ದಾರಿಗಳಿದ್ದರೆ, ಯಾವ ಆಜ್ಞೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಪಟ್ಟಿ ನೋಡಿ ಒಂದನ್ನು ಆರಿಸುತ್ತದೆ. ಕೂಡಲು ಚಿಪ್ಪಿನ ಗಡಿಯಾರದ ಒಂದು ಮಿಡಿತ, ಗುಣಿಸಲು ಮೂರು, ಭಾಗಿಸಲು ಇಪ್ಪತ್ತು. ಆ ಪಟ್ಟಿ ಭಾವನದು. ಹಳೆಯ ಚಿಪ್ಪಿಗೆ ಬರೆದದ್ದನ್ನೇ ಹೊಸದಕ್ಕೂ ಉಳಿಸಿದ್ದರು. ಹದಿನೈದು ದಿನದ ಹಿಂದೆ ಅವಳು ಹೊಸ ಚಿಪ್ಪಿನ ಮೇಲೆ ಅಳೆದು, ಭಾಗಾಕಾರಕ್ಕೆ ಏಳೇ ಸಾಕು ಎಂದು ಮೀಟಿಂಗಿನಲ್ಲಿ ತೋರಿಸಿದ್ದಳು. "ಇಪ್ಪತ್ತು ಅನ್ನೋದು ಅಳತೆ ಅಲ್ಲ ಸರ್, ಭಯ" ಎಂದು ಭಾವನಿಗೇ ಹೇಳಿದ್ದಳು. ಎಲ್ಲರೂ ನಕ್ಕಿದ್ದರು. ಆ ನಗು ಅವಳಿಗೆ ಹಿತವಾಗಿತ್ತು. ಮ್ಯಾನೇಜರ್ ಅಲ್ಲೇ ಪಟ್ಟಿಯನ್ನು ಅವಳಿಗೆ ವಹಿಸಿದ್ದ. ಅವಳು ಏಳು ಎಂದು ತಿದ್ದಿದ ಆ ಪಟ್ಟಿ ಸೋಮವಾರ ಕಂಪೈಲರಿನ ಜೊತೆ ಗಿರಾಕಿಯ ಕೈ ಸೇರಲಿತ್ತು. ಇವತ್ತು ಶುಕ್ರವಾರ.

ಡಬ್ಬಿ ತೆರೆಯುವಷ್ಟರಲ್ಲಿ ಅಕ್ಕನ ಫೋನು ಬಂತು.

"ಏನೇ ಮಾಡಿದ್ದೀಯ ಅವರಿಗೆ? ಎರಡು ವಾರದಿಂದ ಮನೇಲಿ ಮಾತಿಲ್ಲ ಕತೆಯಿಲ್ಲ. ನಿನ್ನೆ ನೋಡಿದ್ರೆ ಊಟಕ್ಕೆ ಕೂತು ಒಬ್ಬರೇ ನಗ್ತಿದ್ದಾರೆ."

"ಯಾಕಂತೆ?"

"ಕೇಳ್ದೆ. 'ಸೋಮವಾರ ಬರಲಿ, ನಿನ್ನ ತಂಗಿ ಮುಖ ನೋಡ್ಬೇಕು' ಅಂದ್ರು. ನಂಗೇನೂ ಅರ್ಥ ಆಗ್ಲಿಲ್ಲ ಕಣೆ. ನೀನು ಊಟ ಮಾಡ್ದ್ಯಾ?"

ಮಾಡಿದೆ ಎಂದು ಹೇಳಿ ಅವಳು ಡಬ್ಬಿ ಮುಚ್ಚಿದಳು. ಭಾವ ಕಾರಣವಿಲ್ಲದೆ ನಗುವ ಜನವಲ್ಲ.

ಮೇಜಿಗೆ ಬಂದು ತನ್ನ ಅಳತೆಯ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಓದತೊಡಗಿದಳು. ಹನ್ನೆರಡನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. ಭಾಗಿಸಬೇಕಾದ ಹತ್ತು ಸಾವಿರ ಸಂಖ್ಯೆಗಳಿಗೆ ಜಾಗ ಮಾಡಿದ್ದಳು, ಸಂಖ್ಯೆಗಳನ್ನು ತುಂಬಿರಲಿಲ್ಲ. ಎಲ್ಲವೂ ಸೊನ್ನೆ. ಸೊನ್ನೆಯನ್ನು ಭಾಗಿಸುವುದರಲ್ಲಿ ಚಿಪ್ಪಿಗೆ ಕೆಲಸವೇ ಇರಲಿಲ್ಲ, ಶುರುವಾಗುವ ಮೊದಲೇ ಮುಗಿದಿತ್ತು. ದೊಡ್ಡ ದೊಡ್ಡ ಸಂಖ್ಯೆಗಳನ್ನು ತುಂಬಿ ಮತ್ತೆ ಓಡಿಸಿದಳು. ಹತ್ತೊಂಬತ್ತು ಮುಕ್ಕಾಲು. ಮತ್ತೊಮ್ಮೆ ಓಡಿಸಿದಳು. ಅಷ್ಟೇ.

ಏಳು ಎಂದು ನಂಬಿದ ಕಂಪೈಲರ್ ಕಂಡಲ್ಲೆಲ್ಲ ಭಾಗಾಕಾರ ತುರುಕುತ್ತದೆ. ಗಿರಾಕಿಯ ಪ್ರೋಗ್ರಾಮುಗಳು ಏದುಸಿರು ಬಿಡುತ್ತವೆ. ಆಮೇಲೆ ಈ ಕೋಣೆಯಲ್ಲಿ ಅವಳ ಮಾತಿಗೆ ಕಿವಿಗೊಡುವವರು ಯಾರೂ ಇರುವುದಿಲ್ಲ. ಹೊಸ ಅಳತೆ ಎಂದು ಒಂದು ಸಾಲು ಬರೆದು ಸದ್ದಿಲ್ಲದೆ ತಿದ್ದಿಬಿಡಬಹುದಿತ್ತು. ಆದರೆ ಭಾವನಿಗೆ ಇದು ಗೊತ್ತಿದೆಯೇ ಇಲ್ಲವೇ ಎಂದು ತಿಳಿಯದೆ ಕೂರುವುದು ಅವಳಿಂದ ಆಗಲಿಲ್ಲ. ಎದ್ದು ಅವರ ಮೇಜಿನ ಬಳಿ ಹೋದಳು.

"ಭಾವ, ಒಂದ್ನಿಮಿಷ."

"ಇಲ್ಲಿ ನಾನು ನಿಂಗೆ ಭಾವ ಅಲ್ಲ." ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಸರ್, ನನ್ನ ಏಳು ತಪ್ಪು."

"ಗೊತ್ತು."

"ಯಾವಾಗಿಂದ?"

"ಮೀಟಿಂಗ್ ಆದ ದಿನಾನೇ ತೆಗೆದು ನೋಡ್ದೆ. ಹನ್ನೆರಡನೇ ಸಾಲು. ಖಾಲಿ ಮೂಟೆ ಹೊರಿಸಿ ಹಮಾಲಿ ಎಷ್ಟು ಬೇಗ ನಡೀತಾನೆ ಅಂತ ಅಳೆದಿದ್ದೀಯ."

"ಆವತ್ತೇ ಹೇಳಬಹುದಿತ್ತಲ್ಲ."

"ನೀನು ಕೇಳಿದ್ಯಾ? ನಾನು ಆ ಅಂಕಿ ಮೊದಲ್ನೇ ಸಲ ಬರೆದಾಗ ನೀನಿನ್ನೂ ನಿಂತ್ಕೊಂಡು ಮಗ್ಗಿ ಒಪ್ಪಿಸ್ತಿದ್ದೆ. ನಂಗೆ ಭಯ ಅಂದ್ಯಲ್ಲ, ಎಲ್ಲರ ಎದುರಿಗೆ."

"ಗಿರಾಕಿಗೆ ಹೋಗಿದ್ರೆ?"

"ಹೋಗ್ಲಿ ಅಂತಾನೇ ಕೂತಿದ್ದೆ. ಯಾರು ಬಾಯಿ ಬಿಟ್ಟಿದ್ದು? ನಿಮ್ಮಕ್ಕ ತಾನೇ?"

"ನಾನೇ ಓದಿ ನೋಡಿದ್ದು."

"ಸರಿ, ನೀನೇ ಓದಿದ್ದು" ಎಂದರು, ಮಗುವಿಗೆ ಹೇಳುವ ಹಾಗೆ.

ಅವಳು ಮೇಜಿಗೆ ಮರಳಿ ಏಳನ್ನು ಅಳಿಸಿ ಇಪ್ಪತ್ತು ಬರೆದಳು. ಕಾರಣ ಕೇಳುವ ಜಾಗದಲ್ಲಿ, 'ಹಿಂದಿನ ಅಳತೆಯಲ್ಲಿ ಸಂಖ್ಯೆಗಳನ್ನು ತುಂಬಿರಲಿಲ್ಲ. ತಪ್ಪು ನನ್ನದು' ಎಂದು ಬರೆದಳು. ಪಟ್ಟಿಯ ಯಾವ ತಿದ್ದುಪಡಿಗೂ ಇನ್ನೊಬ್ಬರ ಒಪ್ಪಿಗೆ ಬೇಕು. ಕೇಳಿದರೆ ಕಣ್ಣುಮುಚ್ಚಿ ಒಪ್ಪುವವರು ಆರು ಜನ ಇದ್ದರು. ಅವಳು ಭಾವನ ಹೆಸರು ಹಾಕಿದಳು.

ಇಪ್ಪತ್ತು ನಿಮಿಷದಲ್ಲಿ ತಿದ್ದುಪಡಿ ಅವರಿಂದ ವಾಪಸು ಬಂತು. 'ಚಿಪ್ಪಿನ ಆವೃತ್ತಿ ನಮೂದಿಸಿಲ್ಲ.' ನಮೂದಿಸಿದಳು. ಮತ್ತೆ ಬಂತು. 'ಎಷ್ಟು ಸಲ ಅಳೆದದ್ದು?' ಇನ್ನೂ ಹತ್ತು ಸಲ ಅಳೆದು ಎಲ್ಲವನ್ನೂ ಬರೆದಳು. ಐದು ಗಂಟೆಗೆ ಮೂರನೆಯ ಸಲ ಬಂತು. 'ಅಂಕಿಯ ಮುಂದೆ ಒಂದು ಖಾಲಿ ಜಾಗ ಹೆಚ್ಚಾಗಿದೆ.' ಕಣ್ಣು ಕಿರಿದು ಮಾಡಿ ನೋಡಿದಳು. ಹೌದು, ಹೆಚ್ಚಾಗಿತ್ತು. ತೆಗೆದಳು.

ಒಬ್ಬೊಬ್ಬರಾಗಿ ಎಲ್ಲರೂ ಎದ್ದುಹೋದರು. ಆರು ಹೊಡೆಯುವ ಹೊತ್ತಿಗೆ ಒಪ್ಪಿಗೆ ಬಂತು, ಜೊತೆಗೆ ಒಂದು ಅಕ್ಷರವೂ ಇರಲಿಲ್ಲ. ಭಾವ ಚೀಲ ಹೆಗಲಿಗೇರಿಸಿ, ಅವಳ ಕುರ್ಚಿಗೆ ತಾಗದಷ್ಟೇ ಅಂತರದಲ್ಲಿ ಹಾದುಹೋದರು. ಬಾಗಿಲ ಬಳಿ ಒಂದು ಕ್ಷಣ ನಿಂತರು. ಆಮೇಲೆ ಒಳಗೆ ಯಾರೂ ಇಲ್ಲವೆಂಬಂತೆ ಇಡೀ ಕೋಣೆಯ ದೀಪ ಆರಿಸಿ ಹೊರಟರು.

ಕತ್ತಲಲ್ಲಿ ಅವಳ ಪರದೆಯೊಂದೇ ಬೆಳಗುತ್ತಿತ್ತು. ಎದ್ದು ದೀಪ ಹಾಕದೆ, ಅವಳು ಡಬ್ಬಿಯ ಮುಚ್ಚಳ ತೆಗೆದು ತಣ್ಣಗಾದ ಊಟಕ್ಕೆ ಕೈ ಹಾಕಿದಳು.