ಗಿರಣಿಯಲ್ಲಿ ಮಾನಪ್ಪನ ಪಾಳಿ

ತೊಂಬತ್ತೆಂಟರಲ್ಲಿ ಸಿಂದಗಿ ಪಟ್ಟಣದ ಒಂದು ಸಣ್ಣ ಸಂಸ್ಥೆಯ ಪರವಾಗಿ ಸುಮಂಗಲಾ ಪ್ರತಿ ರವಿವಾರ ಕನ್ನೊಳ್ಳಿ ಊರಿಗೆ ಬಂದು ಮಾನಪ್ಪನಿಗೆ ಜೊತೆಯಾಗಿರುತ್ತಿದ್ದಳು. ಮಾನಪ್ಪನಿಗೆ ಮೂವತ್ತಾರು ವರ್ಷ. ಹೊಸದನ್ನು ಕಲಿಯಲು ಅವನಿಗೆ ಬಹಳ ದಿನ ಹಿಡಿಯುತ್ತಿತ್ತು. ಕಲಿತದ್ದನ್ನು ಮಾತ್ರ ಬಿಡುತ್ತಿರಲಿಲ್ಲ.

ಹೊಲಕ್ಕೆ ಹೋಗುವಾಗ ಅಕ್ಕ ರೇಣವ್ವ ಅವನನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕುತ್ತಿದ್ದಳು. ಸುಮಂಗಲಾ ಅದು ಸರಿಯಲ್ಲವೆಂದಾಗ ರೇಣವ್ವ ಒಂದು ಕರಾರು ಹಾಕಿದಳು: "ಅವ ಒಬ್ಬನೇ ಗಿರಣಿಗಿ ಹೋಗಿ ಜ್ವಾಳ ಬೀಸಿಕೊಂಡು ಬರಲಿ. ಆಮ್ಯಾಲ ಚಿಲಕ ಹಾಕಂಗಿಲ್ಲ."

ಬಿಎಸ್ಸಿ ಓದಿದ ಸುಮಂಗಲಾ ಆ ಕೆಲಸವನ್ನು ಹನ್ನೊಂದು ಹಂತಗಳಾಗಿ ಒಡೆದು, ಆರು ರವಿವಾರ ಅವನ ಜೊತೆ ಹೋಗಿ ಕಲಿಸಿದಳು. ಏಳನೆಯ ರವಿವಾರ ಅವನೊಬ್ಬನನ್ನೇ ಕಳಿಸಿ, ಎದುರಿನ ಚಹಾದಂಗಡಿಯಲ್ಲಿ ಕುಳಿತಳು.

ಗಿರಣಿಯಲ್ಲಿ ಜನ ಸಾಲು ನಿಲ್ಲುವುದಿಲ್ಲ. ಕಾಳಿನ ಡಬ್ಬಿಗಳನ್ನು ಪಾಳಿಗೆ ಸಾಲಾಗಿಟ್ಟು ಕಟ್ಟೆಯ ಮೇಲೆ ಹರಟೆಗೆ ಕೂಡುತ್ತಾರೆ. ಮಾನಪ್ಪ ಡಬ್ಬಿಯನ್ನು ಎದೆಗವಚಿಕೊಂಡು ನಿಂತೇ ಇದ್ದ. ಅವನ ನಂತರ ಬಂದ ಒಂಬತ್ತು ಮಂದಿ ಹಿಟ್ಟು ಹೊತ್ತುಕೊಂಡು ಹೋದರು.

"ಮಾನ್ಯಾ, ಡಬ್ಬಿ ಕೆಳಗ ಇಡೋ. ಗಿರಣಿ ಸಿದ್ರಾಮ ನಿನ್ನ ಹೊಟ್ಟಿ ಬೀಸ್ತಾನೇನ?" ಎಂದಳು ಮುದುಕಿ ಪೀರಬಿ.

"ಸುಮಂಗಲಾ ಅಕ್ಕಾರು ಡಬ್ಬಿ ಕೈ ಬಿಡಬ್ಯಾಡ ಅಂದಾರ."

ಅದು ಸುಮಂಗಲಾ ಕಲಿಸಿದ ನಾಲ್ಕನೆಯ ಹಂತ. ಸುಮಂಗಲಾಳಿಗೆ ಈಗ ತಿಳಿಯಿತು: ಆರೂ ರವಿವಾರ ಸಿದ್ರಾಮ ಅವಳ ಮರ್ಯಾದೆಗೆಂದು ಅವರ ಡಬ್ಬಿಯನ್ನೇ ಮೊದಲು ತೆಗೆದುಕೊಂಡಿದ್ದ. ಪಾಳಿಯೆಂಬುದನ್ನು ಅವಳು ನೋಡಿಯೇ ಇರಲಿಲ್ಲ. ಪ್ರಯೋಗ ಕೆಟ್ಟಿದ್ದು ಅವಳಿಂದಲೇ. ಈಗ ಒಳಗೆ ಹೋದರೆ ಕರಾರು ಮುರಿಯುತ್ತದೆ. ಹೋಗದಿದ್ದರೆ ಅವನು ಗಿರಣಿ ಮುಚ್ಚುವವರೆಗೂ ನಿಲ್ಲುತ್ತಾನೆ.

ಎದ್ದು ಹೋದಳು. "ಮಾನಪ್ಪ, ನಾ ತಪ್ಪ ಕಲಿಸೇನಿ. ಈ ಪೀರಬಿ ಆಯಿ ಡಬ್ಬಿ ಹಿಂದ ನಿಂದು ಇಡು."

ಅವನು ಬಹಳ ಹೊತ್ತು ಅವಳ ಮುಖ ನೋಡಿ, ಇಟ್ಟ.

"ಅಕ್ಕಾರ ಬಂದ್ರೇನ್ರಿ? ಕೊಡ್ರಿ, ಮೊದಲ ಹಾಕ್ತೇನಿ," ಎಂದು ಸಿದ್ರಾಮ ಕೈಚಾಚಿದ.

"ಬ್ಯಾಡ್ರಿ. ಅವನ ಪಾಳಿ ಬರಲಿ."

ಮಾನಪ್ಪ ಹೋಗಿ ಕಟ್ಟೆಯ ಮೇಲೆ ಪೀರಬಿಯ ಪಕ್ಕ ಕುಳಿತ.

ಮನೆಗೆ ಬಂದು ಸುಮಂಗಲಾ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ರೇಣವ್ವ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಹಂಗಾರ ಅವಂದೇನ ತಪ್ಪಿಲ್ಲ. ಕಲಿಯೂದು ನಿಮಗ ಇತ್ತು."

"ಹೌದ್ರಿ."

"ಬುಧವಾರ ಮತ್ತ ಕಳಸ್ತೇನಿ. ಅಲ್ಲೀತನಕ ಚಿಲಕ ಇರಲಿ. ಆವತ್ತ ನೀವು ಬರಬ್ಯಾಡ್ರಿ."

ಸುಮಂಗಲಾ ಹೂಂ ಎಂದಳು. ಮಾನಪ್ಪ ಆಗಲೇ ಖಾಲಿ ಡಬ್ಬಿಯೊಂದನ್ನು ತಂದು, ಹೊಸ್ತಿಲ ಬಳಿಯಿದ್ದ ನೀರಿನ ಕೊಡದ ಹಿಂದೆ ಪಾಳಿಗೆಂಬಂತೆ ಇಟ್ಟು, ಅಕ್ಕನಿಗೆ ತೋರಿಸುತ್ತಿದ್ದ.