ಎಪ್ಪತ್ತಕ್ಕೆ ನಿಂತ ಪಿಟೀಲು

ಭಾನುವಾರ ಮಧ್ಯಾಹ್ನ, ಕೆನಡಾದ ಕೇಪ್ ಬ್ರೆಟನ್ ದ್ವೀಪದ ಹಾಲ್‌ನಲ್ಲಿ ಎಂಬತ್ತು ಜನ ಕುಣಿಯಲು ಸಾಲು ನಿಂತಾಗ ದೊಡ್ಡ ಸ್ಪೀಕರ್ ಎರಡು ಸಲ ಕೆಮ್ಮಿ ಪ್ರಾಣ ಬಿಟ್ಟಿತು. ಉಳಿದದ್ದು ಎಫಿ ಅಜ್ಜಿಯ ಹಳೇ ಲ್ಯಾಪ್‌ಟಾಪ್. ಅದರ ಹೊಟ್ಟೆಯಡಿ ಹುಣಸೆಬೀಜದಷ್ಟು ಎರಡು ಸ್ಪೀಕರ್. ಒಳಗೆ, ತೀರಿಕೊಂಡ ಗಂಡ ಆಲಿಸ್ಟರ್ ನುಡಿಸಿ ರೆಕಾರ್ಡ್ ಮಾಡಿದ್ದ ಪಿಟೀಲು.

ಮರುದಿನ ಅಜ್ಜಿಗೆ ಮಂಡಿ ಆಪರೇಷನ್. ಆಮೇಲೆ ನಡೆಯಬಹುದು, ಕುಣಿಯುವಂತಿಲ್ಲ ಎಂದಿದ್ದರು ಡಾಕ್ಟರು. ಗಂಡನ ಪಿಟೀಲಿಗೆ ಕುಣಿಯುವುದಿದ್ದರೆ ಇವತ್ತೇ.

ರಿಪೇರಿಯ ಲಾಕ್ಲನ್ ದನಿಯನ್ನು ಎಪ್ಪತ್ತಕ್ಕೆ ಏರಿಸಿ ಕೈ ತೆಗೆದ. ಮುಂದಿನ ಸಾಲಿಗೆ ಸೊಳ್ಳೆ ಹಾಡಿದಂತೆ ಕೇಳಿಸಿತು. ಹಿಂದಿನ ಸಾಲಿಗೆ ಅದೂ ಇಲ್ಲ.

"ನೂರಕ್ಕೆ ಏರ್ಸೋ ಮಾರಾಯ. ನಿಮ್ಮಪ್ಪನ ಗಂಟೇನು ಹೋಗುತ್ತೆ?" ಎಂದ ಕಡಲಲ್ಲಿ ಲಾಬ್‌ಸ್ಟರ್ ಹಿಡಿಯುವ ಹೆಕ್ಟರ್.

"ಏರಿಸ್ಬೋದು. ಎಂಬತ್ತಕ್ಕೆ ಗರಗರ ಅನ್ನುತ್ತೆ, ನೂರಕ್ಕೆ ಒಳಗಿನ ಪೊರೆ ಹರಿಯುತ್ತೆ. ಆಮೇಲೆ ನೀನು ಹಾಡ್ಬೇಕಾಗುತ್ತೆ."

ಹೆಕ್ಟರ್ ಹಾಡುವುದನ್ನು ಊರು ಕೇಳಿತ್ತು. ಎಲ್ಲರೂ ತಕ್ಷಣ ಎಪ್ಪತ್ತರ ಕಡೆಯಾದರು.

ಲಾಕ್ಲನ್ ಲ್ಯಾಪ್‌ಟಾಪ್ ಎತ್ತಿ ಮೇಜಿನ ದಪ್ಪ ಬಟ್ಟೆ ಎಳೆದು ಹಾಕಿದ. "ಇದರ ಬಾಯಿ ಕೆಳಗಿದೆ. ಯಾರೋ ಬಟ್ಟೆ ತುರುಕಿದ್ದೀರಿ." ಬರಿಯ ಹಲಗೆಯ ಮೇಲಿಟ್ಟಾಗ ದನಿ ಮೈ ತುಂಬಿಕೊಂಡಿತು. ಕಮಾನು ತಂತಿಗೆ ಉಜ್ಜುವುದೂ ಬಿಡಿಬಿಡಿಯಾಗಿ ಕೇಳಿಸಿತು. ಇಂಥ ಸ್ಪೀಕರ್ ಮಾಡಿದವನಿಗೆ ಲಾಕ್ಲನ್ ಮನಸ್ಸಿನಲ್ಲೇ ಟೋಪಿ ತೆಗೆದು ವಂದಿಸಿದ.

"ಈಗ ಎಲ್ಲರೂ ಬೂಟು ಬಿಚ್ಚಿ."

ಬೂಟಿನ ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದೇ ಅಲ್ಲಿನ ಕುಣಿತ.

"ಬೂಟಿಲ್ದೆ ಕುಣಿದ್ರೆ ನಮ್ಮಜ್ಜ ಗೋರಿಯಿಂದ ಎದ್ದು ಬರ್ತಾನೆ," ಎಂದ ಹೆಕ್ಟರ್.

"ಬರ್ಲಿ. ಬರೀ ಕಾಲುಚೀಲದಲ್ಲಿ ಬರೋಕೆ ಹೇಳು."

ಎಫಿ ಅಜ್ಜಿ ಮೊದಲು ಬಿಚ್ಚಿದಳು. ಹಿಂದೆಯೇ ನೂರೈವತ್ತೆಂಟು ಬೂಟುಗಳು ಗೋಡೆ ಸೇರಿದವು. ಫ್ರಿಜ್ಜಿನ ಪ್ಲಗ್ ಕಿತ್ತರು. ಕುದಿಯುತ್ತಿದ್ದ ಮೀನಿನ ಸೂಪನ್ನು ಸುಮ್ಮನಾಗಿಸಿದರು. ಹೊರಗೆ ಅಲೆಗಳೂ ತುದಿಗಾಲಲ್ಲಿ ಬಂದು ಹೋದವಂತೆ. ಲಾಕ್ಲನ್ ಕಣ್ಣಾರೆ ಕಂಡದ್ದು ಮೂರು ಅಲೆ ಮಾತ್ರ.

ಆ ಮೌನದಲ್ಲಿ ಎಂಬತ್ತು ಜನ ಬೆಕ್ಕಿನಂತೆ ಕುಣಿದರು. ಕೇಳಿಸಿದ್ದು ಒಂದೇ ಬೂಟು: ಪಿಟೀಲಿನ ಜತೆ ಆಲಿಸ್ಟರ್ ನೆಲಕ್ಕೆ ತಟ್ಟುತ್ತಿದ್ದ ಹಿಮ್ಮಡಿ. ಹುಣಸೆಬೀಜಗಳು ಅದನ್ನು ಒಂದೂ ಬಿಡದೆ ಒಪ್ಪಿಸಿದವು. ಅಜ್ಜಿ ಒಂದೂ ತಪ್ಪದೆ ಹೆಜ್ಜೆ ಸೇರಿಸಿದಳು.

ಎರಡನೇ ಸುತ್ತಿಗೆ ಅವಳು ಮೇಜಿನ ಹತ್ತಿರ ಬಂದು ಬಗ್ಗಿದಳು.

"ಅರವತ್ತಕ್ಕೆ ಇಳ್ಸೋ ಲಾಕ್ಲನ್. ಈ ಮನುಷ್ಯಂದು ಮೊದ್ಲಿಂದ್ಲೂ ಸ್ವಲ್ಪ ಜೋರು."

ಇಳಿಸಿದ. ಆಗಲೂ ಪಿಟೀಲು ಹಿಂದಿನ ಸಾಲಿಗೂ ಕೇಳಿಸಿತು.